ಓದುಗರ ಪ್ರಶ್ನೆ: ಗುಜರಿಗೆ ಹಾಕೋ ಮುಂಚೆ ಒಂದ್ಸಲ ನೋಡಿ

ಪ್ರಶ್ನೆ: ನಮ್ಮ ತೋಟದ ದಾರಿಯಲ್ಲಿ ಹಳ್ಳದ ಮೇಲೆ ಹಳೇ ಕಬ್ಬಿಣದ ಸೇತುವೆ ಇದೆ. ಎರಡೂ ಬದಿ ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ್ದಾರೆ. ಪಕ್ಕದಲ್ಲಿ ಕಾಂಕ್ರೀಟ್ ಸೇತುವೆ ಬಂದ ಮೇಲೆ ಇದನ್ನು ಗುಜರಿಗೆ ಹಾಕುವ ಮಾತು ನಡೆದಿದೆ. ಬ್ರಿಟಿಷರ ಕಾಲದ್ದಂತೆ. ನಿಜವಾ? ಉಳಿಸಬಹುದಾ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಇದು ಟ್ರಸ್ ಸೇತುವೆ. ತೋಟದ ಗೇಟ್ ಜೋತು ಬೀಳದಿರಲಿ ಅಂತ ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೀತೀವಲ್ಲ, ಅದೇ ಲೆಕ್ಕ. ಅಮೆರಿಕದ ಪ್ರಾಟ್ ಎಂಬ ತಂದೆ-ಮಗ 1844ರಲ್ಲೂ, ಇಂಗ್ಲೆಂಡಿನ ವಾರನ್ 1848ರಲ್ಲೂ ಇಂಥ ವಿನ್ಯಾಸಗಳಿಗೆ ಪೇಟೆಂಟ್ ಪಡೆದರು.

ವಯಸ್ಸು ಗೊತ್ತಾಗಬೇಕಾ? ಮಳೆ ಬಿಟ್ಟ ಮೇಲೆ ಟಾರ್ಚ್ ಹಿಡಿದು ತೊಲೆಗಳ ಬದಿ ನೋಡಿ. ಮಂಗಳೂರು ಹೆಂಚಿನ ಮೇಲೆ ಕಂಪನಿ ಹೆಸರು ಒತ್ತಿರ್ತಾರಲ್ಲ, ಹಾಗೇ ಹಳೇ ಉಕ್ಕಿನ ಮೇಲೂ ಉಬ್ಬಕ್ಷರ ಇರುತ್ತೆ. ಡಾರ್ಮನ್ ಲಾಂಗ್ ಅಂತಿದ್ದರೆ ಇಂಗ್ಲೆಂಡಿನಿಂದ ಹಡಗಲ್ಲಿ ಬಂದದ್ದು. ಟಾಟಾ ಅಂತಿದ್ದರೆ 1912ಕ್ಕಿಂತ ಹಳೇದಲ್ಲ, ಯಾಕೆಂದರೆ ಅವರ ಕಾರ್ಖಾನೆಯಲ್ಲಿ ಉಕ್ಕು ಬಂದಿದ್ದೇ ಆ ವರ್ಷ. ನಮ್ಮ ಭದ್ರಾವತಿಯಲ್ಲಿ ಕಬ್ಬಿಣ ಕರಗಿದ್ದು 1923ರಲ್ಲಿ, ಅದಿರು ಹೋಗಿದ್ದು ನಿಮ್ಮದೇ ಜಿಲ್ಲೆಯ ಕೆಮ್ಮಣ್ಣುಗುಂಡಿಯಿಂದ! ಆದರೆ ಅಕ್ಷರ ಹೇಳೋದು ತೊಲೆಯ ವಯಸ್ಸನ್ನು, ಸೇತುವೆಯದ್ದಲ್ಲ. ಬೇರೆಲ್ಲೋ ಬಿಚ್ಚಿದ ಸಾಮಾನು ಇಲ್ಲಿಗೆ ಬಂದಿರಲೂಬಹುದು.

ಉಳಿಸೋ ವಿಷಯ. ಕಬ್ಬಿಣ ಹಾಳಾಗೋದು ವಯಸ್ಸಿನಿಂದಲ್ಲ, ಕೆಸರಿನಿಂದ. ಪಟ್ಟಿಗಳು ಕೂಡುವ ಸಂದಿಗಳಲ್ಲಿ ಸಿಲ್ವರ್ ಮರದ ಎಲೆ, ಮಣ್ಣು, ಹಕ್ಕಿ ಹಿಕ್ಕೆ ಸೇರಿ ಮುದ್ದೆಯಾಗಿರುತ್ತೆ, ಮಲೆನಾಡಿನ ಮಳೆಗೆ ಅದು ತಿಂಗಳುಗಟ್ಟಲೆ ಒಣಗೋದೇ ಇಲ್ಲ, ಒಳಗೆ ತುಕ್ಕು ಉಬ್ಬಿ ಎರಡು ತಗಡನ್ನೇ ಬಾಯಿ ಬಿಡಿಸುತ್ತೆ. ಹಾಗಾಗಿ ಮೊದಲು ಪೊರಕೆ, ಆಮೇಲೆ ಪೇಂಟ್. ನಮ್ಮಲ್ಲಿ ಜಾತ್ರೆಗೋ ಮಂತ್ರಿ ಬರ್ತಾರೆ ಅಂತಲೋ ತುಕ್ಕಿನ ಮೇಲೇ ಬೆಳ್ಳಿ ಬಣ್ಣ ಬಳಿದು ಬಿಡ್ತಾರೆ, ಅದು ಸುಮ್ನೆ ದುಡ್ಡು ದಂಡ. ಹಳೇ ಬಣ್ಣದಲ್ಲಿ ಸೀಸ ಇರೋದು ಜಾಸ್ತಿ. ಒಣಗಿದ್ದನ್ನು ಹಾಗೇ ಕೆರೆಯಬೇಡಿ, ಪುಡಿ ಹಳ್ಳಕ್ಕೆ ಬೀಳಲೂ ಬಿಡಬೇಡಿ.

ಒಂದು ತುದಿಯಲ್ಲಿ ಉರುಳೆಗಳಿವೆಯಾ ನೋಡಿ. ಮೂವತ್ತು ಮೀಟರ್ ಉದ್ದದ ಸೇತುವೆ ಮೂವತ್ತು ಡಿಗ್ರಿ ಬಿಸಿ ಏರಿದರೆ ಒಂದು ಸೆಂಟಿಮೀಟರ್ ಬೆಳೆಯುತ್ತೆ. ಉರುಳೆ ಕೆಸರಲ್ಲಿ ಕಚ್ಚಿಕೊಂಡರೆ ಆ ಒತ್ತಡ ಸೇತುವೆಯ ತುದಿ ಹೊತ್ತಿರುವ ಕಲ್ಲಿನ ಕಟ್ಟಡದ ಮೇಲೆ ಬೀಳುತ್ತೆ. ಇನ್ನು, ಊರಿನ ವೆಲ್ಡಿಂಗ್ ಶಾಪಿನವರನ್ನು ದಯವಿಟ್ಟು ಕರೀಬೇಡಿ. ಹಳೇ ಬಡಿಗಬ್ಬಿಣ (ರಾಟ್ ಐರನ್) ಪದರ ಪದರವಾಗಿರುತ್ತೆ, ಬೆಸುಗೆ ಹಾಕಿದ ಕಡೆ ಸೀಳಬಹುದು. ರಿವೆಟ್ ಬಿದ್ದಿದ್ದರೆ ಬೋಲ್ಟ್ ಹಾಕಿಸಬಹುದು, ಅದಕ್ಕೂ ಎಂಜಿನಿಯರ್ ನೋಡಲೇಬೇಕು. ಅಲ್ಲಿಯವರೆಗೆ ಲಾರಿ ಬೇಡ.

ನೂರು ವರ್ಷ ದಾಟಿದೆ ಅಂದ ಮಾತ್ರಕ್ಕೆ ಕಾನೂನಿನ ರಕ್ಷಣೆ ತಾನಾಗೇ ಸಿಗಲ್ಲ, ಸರ್ಕಾರ ಸ್ಮಾರಕ ಅಂತ ಘೋಷಿಸಬೇಕು. ಫೋಟೋ ಸಮೇತ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು ಅರ್ಜಿ ಹಾಕಿ. ಸೇತುವೆ ಯಾರ ಹೆಸರಲ್ಲಿದೆ ಅಂತಲೂ ವಿಚಾರಿಸಿಕೊಳ್ಳಿ, ಗುಜರಿಗೆ ಮಾರೋ ಹಕ್ಕು ಊರವರಿಗೆ ಇಲ್ಲದೇ ಇರಬಹುದು.

ಪ್ರಶ್ನೆ: ಎಡಕುಮೇರಿ ಕಾಡಿನ ರೈಲು ಸೇತುವೆಗಳೂ ಬ್ರಿಟಿಷರು ಕಟ್ಟಿದ್ದೇ ಅಲ್ವಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಅಲ್ಲ! ಎಡಕುಮೇರಿ ಇರುವ ಹಾಸನ–ಮಂಗಳೂರು ಮಾರ್ಗ ಪೂರ್ತಿಯಾಗಿದ್ದು 1979ರಲ್ಲಿ, ಆಗ ಮೀಟರ್ ಗೇಜ್. ಬ್ರಾಡ್ ಗೇಜ್ ಮಾಡಿ ಪ್ರಯಾಣಿಕರ ರೈಲು ಬಿಟ್ಟಿದ್ದು 2007ರಲ್ಲಿ. ನೋಡೋ ಆಸೆಗೆ ಹಳಿ ಮೇಲೆ ನಡೀಬೇಡಿ. ಹಗಲು ರೈಲಿನ ಕಿಟಕಿ ಸೀಟ್ ಸಾಕು.