ಐಟಿಐ ಪಠ್ಯಕ್ರಮ ಹೇಗೆ ಹೊಸದಾಗಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ಕೈಗಾರಿಕಾ ತರಬೇತಿ ಸಂಸ್ಥೆಗಳ ಪಠ್ಯಕ್ರಮ ಕಾಲಕ್ಕೆ ತಕ್ಕಂತಿದೆಯೇ ಎಂದು ಕೇಳಿ ಈ ಬಾರಿ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆರಿಸಿಕೊಂಡು, ಐಟಿಐ ವರ್ಕ್‌ಶಾಪುಗಳಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತನಾದ ನನ್ನ ಅನುಭವಕ್ಕೆ ತೋಚಿದ ಉತ್ತರಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ದ್ವಿಚಕ್ರ ವಾಹನಗಳ ಗ್ಯಾರೇಜು ನಡೆಸುತ್ತಿದ್ದೇನೆ. ಐಟಿಐ ಮುಗಿಸಿ ಬರುವ ಹುಡುಗರು ಕಾರ್ಬ್ಯುರೇಟರನ್ನು ಬಿಚ್ಚಿ ಜೋಡಿಸುತ್ತಾರೆ, ಆದರೆ ಎಫ್‌ಐ (ಇಂಧನ ಇಂಜೆಕ್ಷನ್) ಗಾಡಿಯ ಹತ್ತಿರ ಹೋಗಲು ಹೆದರುತ್ತಾರೆ. ಸರ್ಕಾರ ಪಠ್ಯಕ್ರಮವನ್ನು ಏಕೆ ಬದಲಾಯಿಸುತ್ತಿಲ್ಲ? ಕಾರ್ಬ್ಯುರೇಟರ್ ಪಾಠವನ್ನೇ ತೆಗೆದುಹಾಕಬಾರದೇಕೆ?
– ಓದುಗರು, ದಾವಣಗೆರೆ

ಉತ್ತರ: ತಮ್ಮ ದೂರು ನ್ಯಾಯವಾದದ್ದೇ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಂಧನ ಇಂಜೆಕ್ಷನ್‌ಗೆ ಹೊರಳಿಕೊಂಡವು. ಆದರೆ ತಾವು ತಿಳಿದಂತೆ ಪಠ್ಯಕ್ರಮದ ಹಾಳೆಯಲ್ಲಿ ಈ ವಿಷಯ ಇಲ್ಲದಿಲ್ಲ. ಎರಡು ವರ್ಷಗಳ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡಿನಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್, ಸೆನ್ಸರ್‌ಗಳು, ಸ್ಕ್ಯಾನ್ ಟೂಲಿನಿಂದ ದೋಷ ಹುಡುಕುವ ಕ್ರಮ ಎಲ್ಲವೂ ಸೇರಿವೆ. ಹಾಳೆಯ ಮೇಲೆ ಬಂದದ್ದು ಎಷ್ಟೋ ಕಡೆ ವರ್ಕ್‌ಶಾಪಿನ ಸ್ಟ್ಯಾಂಡಿನ ಮೇಲಕ್ಕೆ ಬಂದಿಲ್ಲ. ಅಲ್ಲಿ ಇನ್ನೂ ಹಳೆಯ ಎಂಜಿನ್ನೇ ಇದ್ದರೆ, ಹುಡುಗರು ಇಂಜೆಕ್ಟರಿನ ಚಿತ್ರ ಬರೆದು ಅಂಕ ಪಡೆಯುತ್ತಾರೆ ಮತ್ತು ಕಾರ್ಬ್ಯುರೇಟರನ್ನು ಕೈಯಾರೆ ಬಿಚ್ಚಿ ಕಲಿಯುತ್ತಾರೆ. ಮುಂದೆ ನೆನಪಿನಲ್ಲಿ ಉಳಿಯುವುದು ಕೈ ಕಲಿತದ್ದೇ.

ನಾನು ಕೆಲಸ ಮಾಡಿದ ಒಂದು ಸಂಸ್ಥೆಗೆ ಹೊಸ ಪಠ್ಯಕ್ರಮದ ಜೊತೆಗೇ ಹೊಸ ಯಂತ್ರವೂ ಬಂದಿತ್ತು. ಮೂರು ಫೇಸಿನ ವಿದ್ಯುತ್ ಸಂಪರ್ಕ ಸಿಗದೆ ಅದು ಎರಡು ವರ್ಷ ಮರದ ಪೆಟ್ಟಿಗೆಯೊಳಗೇ ಉಳಿಯಿತು, ಮತ್ತು ಆ ಎರಡು ತಂಡಗಳ ಹುಡುಗರು ಅದನ್ನು ಮುಟ್ಟದೆಯೇ ತೇರ್ಗಡೆಯಾಗಿ ಹೋದರು. ಇದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಯಂತ್ರ, ಅದನ್ನು ನಡೆಸಲು ಕಲಿತ ಬೋಧಕ, ಅದರ ಮೇಲೆಯೇ ನಡೆಯುವ ಪ್ರಾಯೋಗಿಕ ಪರೀಕ್ಷೆ, ಈ ಮೂರೂ ಸಿದ್ಧವಾದ ಮೇಲೆ ಮಾತ್ರ ಹೊಸ ಪಾಠವನ್ನು ಜಾರಿಗೆ ತರಬೇಕೆಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ.

ಇನ್ನು ಕಾರ್ಬ್ಯುರೇಟರನ್ನು ಪೂರ್ತಿ ತೆಗೆಯುವ ಮಾತು. ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ಹಳೆಯ ಗಾಡಿಗೂ ಹೊಸ ಗಾಡಿಗೂ ಒಂದೇ. ಕಾರ್ಬ್ಯುರೇಟರು ಕಿರಿದಾದ ಕೊಳವೆಯಲ್ಲಿ ಗಾಳಿಯ ವೇಗ ಹೆಚ್ಚಿಸಿ, ಒತ್ತಡ ಕುಗ್ಗಿಸಿ, ಜೆಟ್ಟಿನಿಂದ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಎಫ್‌ಐ ಗಾಡಿಯಲ್ಲಿ ಸೆನ್ಸರ್‌ಗಳು ಹೇಳಿದ್ದನ್ನು ಕೇಳಿ ಇಂಜೆಕ್ಟರು ಎಷ್ಟು ಹೊತ್ತು ತೆರೆದಿರಬೇಕೆಂದು ಇಸಿಯು ಎಂಬ ಪುಟ್ಟ ಕಂಪ್ಯೂಟರು ನಿರ್ಧರಿಸುತ್ತದೆ. ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾದರೆ ಎಂಜಿನ್ ಹೇಗೆ ಕೆಮ್ಮುತ್ತದೆ, ಗಟ್ಟಿಯಾದರೆ ಪ್ಲಗ್ಗು ಹೇಗೆ ಕಪ್ಪಾಗುತ್ತದೆ ಎಂಬುದನ್ನು ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ ತೋರಿಸುವಷ್ಟು ಸುಲಭವಾಗಿ ಬೇರೆ ಯಾವುದರಿಂದಲೂ ತೋರಿಸಲಾಗದು. ಆದ್ದರಿಂದ ಆ ಪಾಠ ಇರಲಿ, ಆದರೆ ಅದಕ್ಕೆ ಎರಡು ದಿನ ಸಾಕು, ಎರಡು ವಾರ ಬೇಡ. ಉಳಿಸಿದ ಸಮಯದಲ್ಲಿ ಹುಡುಗನ ಕೈಗೆ ಮಲ್ಟಿಮೀಟರ್ ಕೊಟ್ಟು, ಎಫ್‌ಐ ಗಾಡಿಯ ಆಕ್ಸಿಲರೇಟರನ್ನು ನಿಧಾನವಾಗಿ ತಿರುಗಿಸುತ್ತ ಥ್ರಾಟಲ್ ಪೊಸಿಷನ್ ಸೆನ್ಸರಿನ ವೋಲ್ಟೇಜನ್ನು ಓದಿಸಬೇಕು. ಅರ್ಧ ವೋಲ್ಟಿನ ಆಸುಪಾಸಿನಲ್ಲಿ ಆರಂಭವಾದ ಅಂಕಿ ಒಂದೇ ಸಮನೆ ಏರುತ್ತ ನಾಲ್ಕು ವೋಲ್ಟನ್ನು ದಾಟಿದರೆ ಸೆನ್ಸರು ಸರಿಯಿದೆ, ನಡುವೆ ಎಲ್ಲಾದರೂ ತಟ್ಟನೆ ಬಿದ್ದೆದ್ದರೆ ದೋಷ ಅಲ್ಲಿದೆ. ಒಮ್ಮೆ ಇದನ್ನು ತಾನೇ ಅಳೆದು ನೋಡಿದ ಹುಡುಗ ತಮ್ಮ ಗ್ಯಾರೇಜಿನಲ್ಲಿ ಹೆದರಿ ನಿಲ್ಲುವುದಿಲ್ಲ.

ಪ್ರಶ್ನೆ: ನಾನು ಫಿಟ್ಟರ್ ಟ್ರೇಡಿನ ಮೊದಲ ವರ್ಷದ ವಿದ್ಯಾರ್ಥಿ. ವಾರಗಟ್ಟಲೆ ಕಬ್ಬಿಣದ ತುಂಡಿಗೆ ಅರ ಹಾಕಿಸುತ್ತಿದ್ದಾರೆ. ಕಾರ್ಖಾನೆಗಳಲ್ಲಿ ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರಗಳಿರುವಾಗ ಇದನ್ನು ಕಲಿಯುವುದು ವ್ಯರ್ಥವಲ್ಲವೇ?
– ವಿದ್ಯಾರ್ಥಿ, ಬೆಳಗಾವಿ

ಉತ್ತರ: ವ್ಯರ್ಥವಲ್ಲ. ಆದರೆ ಅದು ಏಕೆ ವ್ಯರ್ಥವಲ್ಲವೆಂದು ನಿನಗೆ ಯಾರೂ ಬಿಡಿಸಿ ಹೇಳಿಲ್ಲವೆಂದು ಕಾಣುತ್ತದೆ, ಮತ್ತು ಅದು ಕಲಿಸುವವರ ಕೊರತೆ. ತುಂಡನ್ನು ವೈಸಿನಲ್ಲಿ ಬಿಗಿದು, ಅರದಿಂದ ಉಜ್ಜಿ, ಲಂಬಕೋನ ನೋಡುವ ಟ್ರೈಸ್ಕ್ವೇರನ್ನು ಅದರ ಮೇಲಿಟ್ಟು ಕಿಟಕಿಯ ಕಡೆಗೆ ಎತ್ತಿ ಹಿಡಿದಾಗ, ಬ್ಲೇಡಿಗೂ ಲೋಹಕ್ಕೂ ನಡುವೆ ಕೂದಲೆಳೆಯಂಥ ಬೆಳಕು ಕಾಣುತ್ತದಲ್ಲ, ಆ ಬೆಳಕನ್ನು ಗುರುತಿಸುವ ಕಣ್ಣು ನಿನಗೆ ಬರಲಿ ಎಂಬುದಕ್ಕೇ ಈ ಪಾಠ ಇರುವುದು. ವರ್ನಿಯರ್ ಕ್ಯಾಲಿಪರಿನಲ್ಲಿ 0.02 ಮಿಲಿಮೀಟರ್ ಎಂದು ಓದುವುದು ಬೇರೆ, ಅಷ್ಟು ಲೋಹ ತೆಗೆಯಲು ಕೈ ಎಷ್ಟು ಹಗುರವಾಗಿ ಆಡಬೇಕೆಂದು ತಿಳಿಯುವುದು ಬೇರೆ. ಸಿಎನ್‌ಸಿ ಯಂತ್ರದಿಂದ ಹೊರಬಂದ ತುಂಡು ಜೋಡಣೆಗೆ ಕೂರದಿದ್ದಾಗ ತಪ್ಪು ಪ್ರೋಗ್ರಾಮಿನದೋ, ಸವೆದ ಟೂಲಿನದೋ, ಕ್ಲ್ಯಾಂಪು ಬಿಗಿದ ರೀತಿಯದೋ ಎಂದು ಹೇಳಬಲ್ಲವನು ಸಾಮಾನ್ಯವಾಗಿ ಹೀಗೆ ಕೈಯಿಂದ ಕಲಿತವನೇ ಆಗಿರುತ್ತಾನೆ.

ಹಾಗೆಂದು ಒಂದೇ ಬಗೆಯ ಜಾಬನ್ನು ಹತ್ತು ಸಲ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಸಮತಲ, ಲಂಬಕೋನ, ಒಂದಕ್ಕೊಂದು ಕೂರುವ ಗಂಡು-ಹೆಣ್ಣು ಫಿಟ್ಟಿಂಗ್, ಇವು ಹದಕ್ಕೆ ಬಂದ ಮೇಲೆ ವಿದ್ಯಾರ್ಥಿಯನ್ನು ಮುಂದಕ್ಕೆ ಕಳುಹಿಸಬೇಕು. ನಿಮ್ಮ ಊರಿನಲ್ಲೇ ಇಷ್ಟೊಂದು ಫೌಂಡ್ರಿಗಳೂ ಮಷೀನ್‌ಶಾಪುಗಳೂ ಇವೆ; ಅಲ್ಲಿನ ಒಂದು ಎರಕದ ತುಂಡನ್ನು ತಂದು ಅದರ ಮೇಲೆಯೇ ಮಾರ್ಕಿಂಗ್ ಮಾಡಿಸಿದರೆ ಅದೇ ಅಭ್ಯಾಸಕ್ಕೆ ಜೀವ ಬರುತ್ತದೆ. ಇದಕ್ಕೆ ಯಾವ ಸಮಿತಿಯ ಅನುಮತಿಯೂ ಬೇಡ.

ಪ್ರಶ್ನೆ: ನನ್ನ ಮಗ ಎಲೆಕ್ಟ್ರಿಷಿಯನ್ ಟ್ರೇಡಿನಲ್ಲಿ ಓದುತ್ತಿದ್ದಾನೆ. ತರಬೇತಿಯ ಗಂಟೆಗಳನ್ನು ಕಡಿಮೆ ಮಾಡಿದ್ದಾರಂತೆ. ಇದರಿಂದ ಮಕ್ಕಳಿಗೆ ನಷ್ಟವಾಗುವುದಿಲ್ಲವೇ?
– ಪೋಷಕರು, ಹಾಸನ

ಉತ್ತರ: ಕಡಿಮೆ ಮಾಡಿರುವುದು ನಿಜ. ಹಿಂದೆ ವರ್ಷಕ್ಕೆ 1600 ಗಂಟೆಗಳಿದ್ದದ್ದನ್ನು 2022ರ ಪರಿಷ್ಕರಣೆಯಲ್ಲಿ 1200ಕ್ಕೆ ಇಳಿಸಲಾಯಿತು. ತಮ್ಮ ಮಗನ ಟ್ರೇಡಿನಲ್ಲಿ ಮೊದಲ ವರ್ಷ 840 ಗಂಟೆ ಪ್ರಾಯೋಗಿಕ, 240 ಗಂಟೆ ಸಿದ್ಧಾಂತ ಮತ್ತು 120 ಗಂಟೆ ಉದ್ಯೋಗ ಕೌಶಲಗಳಿಗೆ ಮೀಸಲು. ಎರಡನೆಯ ವರ್ಷ ಸಿದ್ಧಾಂತ 300 ಗಂಟೆಗೆ ಏರಿ, ಉದ್ಯೋಗ ಕೌಶಲ 60ಕ್ಕೆ ಇಳಿಯುತ್ತದೆ. ಇದರ ಮೇಲೆ ಪ್ರತಿ ವರ್ಷ 150 ಗಂಟೆ ಕಾರ್ಖಾನೆಯಲ್ಲಿ ಕೆಲಸದ ತರಬೇತಿ ಪಡೆಯಬೇಕು, ಅದು ಸಾಧ್ಯವಾಗದ ಕಡೆ ಗುಂಪು ಯೋಜನೆ ಮಾಡಬೇಕು.

ಈ 150 ಗಂಟೆ ನಿಜವಾಗಿ ನಡೆದರೆ ನಷ್ಟದ ಬಹುಪಾಲು ತುಂಬಿಬರುತ್ತದೆ. ಎಸ್ಕಾಂನ ಲೈನ್‌ಮನ್ನಿನ ಜೊತೆಯಲ್ಲೋ, ಸೌರ ಫಲಕ ಅಳವಡಿಸುವವರ ಜೊತೆಯಲ್ಲೋ ಹುಡುಗ ಮೂರು ವಾರ ತಿರುಗಾಡಿದರೆ ಚೋಕು-ಸ್ಟಾರ್ಟರಿನ ಟ್ಯೂಬ್‌ಲೈಟ್ ಸರ್ಕ್ಯೂಟಿನಿಂದ ಸಿಗದ ಎಷ್ಟೋ ಸಂಗತಿಗಳು ಅವನಿಗೆ ತಿಳಿಯುತ್ತವೆ. ಹಾಜರಾತಿ ಪುಸ್ತಕದಲ್ಲಿ ಮಾತ್ರ ನಡೆದರೆ ನಷ್ಟವೇ ಸರಿ. ಆದ್ದರಿಂದ ತಾವು ಪ್ರಾಂಶುಪಾಲರನ್ನು ಕಂಡು, ಈ ವರ್ಷ ಮಕ್ಕಳನ್ನು ಎಲ್ಲಿಗೆ, ಯಾವ ತಿಂಗಳಲ್ಲಿ ಕಳುಹಿಸುತ್ತಾರೆಂದು ಕೇಳಿ ತಿಳಿದುಕೊಳ್ಳಿ. ಪೋಷಕರು ಕೇಳುವ ಸಂಸ್ಥೆಗಳಲ್ಲಿ ಇದು ನಡೆಯುತ್ತದೆ.

ನನ್ನ ಆತಂಕ ಬೇರೊಂದಿದೆ. ಮೊದಲು ಪ್ರತ್ಯೇಕ ವಿಷಯಗಳಾಗಿದ್ದ ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ವರ್ಕ್‌ಶಾಪ್ ಲೆಕ್ಕಾಚಾರ ಎರಡನ್ನೂ ಟ್ರೇಡ್ ಸಿದ್ಧಾಂತದೊಳಗೆ ಸೇರಿಸಲಾಗಿದೆ. ಕೆಲಸಕ್ಕೆ ಹೊಂದಿಸಿ ಲೆಕ್ಕ ಕಲಿಸುವ ಉದ್ದೇಶ ಒಳ್ಳೆಯದೇ ಆದರೂ, ತನ್ನದೇ ಪರೀಕ್ಷೆಯಿಲ್ಲದ ವಿಷಯವನ್ನು ಸಮಯ ಸಾಲದಾಗ ಮೊದಲು ಕೈಬಿಡುವುದು ನಮ್ಮಲ್ಲಿ ರೂಢಿ. ವೈರಿಂಗ್ ನಕ್ಷೆ ಓದಲು ಬಾರದ ಎಲೆಕ್ಟ್ರಿಷಿಯನ್ ಜೀವನವಿಡೀ ಇನ್ನೊಬ್ಬರ ಸಹಾಯಕನಾಗಿಯೇ ಉಳಿಯುತ್ತಾನೆ. ಮಗನ ಡ್ರಾಯಿಂಗ್ ಪುಸ್ತಕವನ್ನು ಆಗಾಗ ತರಿಸಿಕೊಂಡು ನೋಡುತ್ತಿರಿ.

ಪ್ರಶ್ನೆ: ನಾನು 2009ರಲ್ಲಿ ಐಟಿಐ ಮುಗಿಸಿದ್ದೇನೆ. ಪಠ್ಯಕ್ರಮ ಬದಲಾದುದರಿಂದ ನನ್ನ ಪ್ರಮಾಣಪತ್ರದ ಬೆಲೆ ಕಡಿಮೆಯಾಗುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಇಲ್ಲ. ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಪಠ್ಯಕ್ರಮ ಬದಲಾದುದರಿಂದ ಅಮಾನ್ಯವಾಗುವುದಿಲ್ಲ. ಹೊಸ ವಿಷಯ ಬೇಕೆನಿಸಿದರೆ ಅಲ್ಪಾವಧಿ ಕೋರ್ಸ್ ಸೇರಬಹುದು. ರಾಜ್ಯದಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ 150 ಸರ್ಕಾರಿ ಐಟಿಐಗಳಲ್ಲಿ ರೊಬೊಟಿಕ್ಸ್, ಸುಧಾರಿತ ಸಿಎನ್‌ಸಿ, ವಿದ್ಯುತ್ ವಾಹನ ಮುಂತಾದವುಗಳ ಉಪಕರಣಗಳಿವೆ. ಹತ್ತಿರದ ಸಂಸ್ಥೆಯಲ್ಲಿ ವಿಚಾರಿಸಿ ನೋಡಿ.

ಪ್ರಶ್ನೆ: ನಾನು ಸರ್ಕಾರಿ ಐಟಿಐಯೊಂದರಲ್ಲಿ ಕಿರಿಯ ತರಬೇತಿ ಅಧಿಕಾರಿ. ಪಠ್ಯಕ್ರಮ ಮೇಲಿನಿಂದ ಬರುತ್ತದೆ, ನಾವು ಪಾಲಿಸುತ್ತೇವೆ. ಅದನ್ನು ರೂಪಿಸುವವರು ಯಾರು? ನಮ್ಮಂಥವರ ಮಾತು ಅವರಿಗೆ ತಲುಪುವ ದಾರಿ ಇದೆಯೇ?
– ಬೋಧಕರು, ರಾಯಚೂರು

ಉತ್ತರ: ಎಲ್ಲ ಪತ್ರಗಳಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ತಮ್ಮದು. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಪಠ್ಯಕ್ರಮವನ್ನು ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ ಹೊರಡಿಸುತ್ತದೆ; ಅದನ್ನು ಸಿದ್ಧಪಡಿಸುವ ಕೆಲಸ ಕೋಲ್ಕತ್ತದಲ್ಲಿರುವ ಸಿಸ್ಟಾರಿ ಎಂಬ ಸಂಸ್ಥೆಯದು. ಪ್ರತಿ ಟ್ರೇಡಿಗೂ ಒಂದು ಸಮಿತಿ ಸೇರುತ್ತದೆ. ತಮ್ಮ ಟ್ರೇಡಿನ ಪಠ್ಯಕ್ರಮದ ಕೊನೆಯ ಪುಟಗಳನ್ನು ತೆರೆದರೆ ಅದರಲ್ಲಿ ಭಾಗವಹಿಸಿದವರ ಪಟ್ಟಿ ಸಿಗುತ್ತದೆ. ಅದನ್ನೊಮ್ಮೆ ಓದಿ, ಅಲ್ಲಿ ಕಾರ್ಖಾನೆಯ ಅಧಿಕಾರಿಗಳೆಷ್ಟು, ದಿನವೂ ವೈಸಿನ ಮುಂದೆ ನಿಲ್ಲುವವರೆಷ್ಟು, ವರ್ಕ್‌ಶಾಪಿನಲ್ಲಿ ಪಾಠ ಹೇಳುವವರೆಷ್ಟು ಎಂದು ಎಣಿಸಿ ನೋಡಿ.

ಈ ಎಣಿಕೆ ಏಕೆ ಬೇಕೆಂದರೆ, ವೃತ್ತಿ ಪಠ್ಯಕ್ರಮ ರೂಪಿಸಲು ಡ್ಯಾಕಮ್ ಎಂಬ ಒಂದು ವಿಧಾನವಿದೆ. 1960ರ ದಶಕದಲ್ಲಿ ಕೆನಡಾದಲ್ಲಿ ಹುಟ್ಟಿದ ಈ ವಿಧಾನದಲ್ಲಿ ಆ ಕೆಲಸದಲ್ಲಿ ಪಳಗಿದ ಐದರಿಂದ ಹನ್ನೆರಡು ಕೆಲಸಗಾರರನ್ನು ಒಂದು ಕೋಣೆಯಲ್ಲಿ ಕೂರಿಸಿ, ಅವರು ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಡುವ ಪ್ರತಿಯೊಂದು ಕೆಲಸವನ್ನೂ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಯಾವುದು ಪದೇ ಪದೇ ಬರುತ್ತದೆ, ಯಾವುದರಲ್ಲಿ ತಪ್ಪಿದರೆ ಅಪಾಯ, ಯಾವುದು ಈಗ ಬಳಕೆಯಲ್ಲಿಲ್ಲ ಎಂದು ಅವರೇ ಹೇಳುತ್ತಾರೆ. ಕೆಲಸವನ್ನು ಮಾಡುವವನೇ ಅದನ್ನು ಎಲ್ಲರಿಗಿಂತ ಚೆನ್ನಾಗಿ ವಿವರಿಸಬಲ್ಲನೆಂಬುದು ಇದರ ಬುನಾದಿ. ಜರ್ಮನಿಯಲ್ಲಿ 1969ರ ವೃತ್ತಿ ತರಬೇತಿ ಕಾಯ್ದೆಯ ಅನ್ವಯ ನಡೆಯುವ ಪರಿಷ್ಕರಣೆಯಲ್ಲಿ ಮಾಲೀಕರ ಸಂಘಗಳ ಜೊತೆಗೆ ಕಾರ್ಮಿಕ ಸಂಘಗಳೂ ಸಮನಾಗಿ ಕೂರುತ್ತವೆ, ಮತ್ತು ಕಾರ್ಖಾನೆಯಲ್ಲಿ ಕಲಿಯುವ ಭಾಗವನ್ನೂ ಶಾಲೆಯಲ್ಲಿ ಕಲಿಯುವ ಭಾಗವನ್ನೂ ಹೊಂದಿಸಿ ಬದಲಾಯಿಸುತ್ತಾರೆ. ಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ಎರಡನ್ನೂ ಬಲ್ಲವರು ಬೇಕೆಂದಾದಾಗ ಅವರು 1998ರಲ್ಲಿ ಮೆಕಾಟ್ರಾನಿಕ್ಸ್ ಎಂಬ ಹೊಸ ವೃತ್ತಿಯನ್ನೇ ಸೇರಿಸಿದರು.

ನಮ್ಮಲ್ಲಿ 2013ರಲ್ಲಿ ಸೆಮಿಸ್ಟರ್ ಪದ್ಧತಿ ಬಂತು, 2018ರಲ್ಲಿ ಮತ್ತೆ ವಾರ್ಷಿಕ ಪದ್ಧತಿಗೆ ಮರಳಿದೆವು, 2022ರಲ್ಲಿ ಗಂಟೆಗಳು ಬದಲಾದವು. ಹತ್ತು ವರ್ಷದೊಳಗೆ ಚೌಕಟ್ಟನ್ನು ಮೂರು ಸಲ ಅಲುಗಾಡಿಸಿದಾಗ ಬೋಧಕರ ಶಕ್ತಿಯೆಲ್ಲ ವೇಳಾಪಟ್ಟಿ ಹೊಂದಿಸುವುದರಲ್ಲೇ ಕಳೆದುಹೋಗುತ್ತದೆ. ಚೌಕಟ್ಟು ಕೆಲಕಾಲ ಸ್ಥಿರವಾಗಿರಲಿ, ಒಳಗಿನ ಒಂದೊಂದು ಅಭ್ಯಾಸವನ್ನು ವರ್ಷವರ್ಷವೂ ತಿದ್ದುವಂತಾಗಲಿ ಎಂಬುದು ನನ್ನ ಬೇಡಿಕೆ.

ತಾವು ಮಾಡಬಹುದಾದದ್ದು ಇಷ್ಟು. ವರ್ಷಕ್ಕೆ ಐದು ಕೆಲಸದ ಸ್ಥಳಗಳಿಗೆ ಹೋಗಿ. ಅಕ್ಕಿ ಗಿರಣಿ, ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಟ್ರ್ಯಾಕ್ಟರ್ ಷೋರೂಮು, ಹತ್ತಿ ಜಿನ್ನಿಂಗ್ ಕಾರ್ಖಾನೆ ಎಲ್ಲವೂ ತಮ್ಮ ಜಿಲ್ಲೆಯಲ್ಲೇ ಇವೆ. ಅಲ್ಲಿ ತಮ್ಮ ಹಳೆಯ ವಿದ್ಯಾರ್ಥಿಯನ್ನೇ ಹುಡುಕಿ ಮಾತನಾಡಿಸಿ. ಮ್ಯಾನೇಜರ್ ಹೇಳುವುದಕ್ಕಿಂತ ಅವನು ಹೇಳುವುದು ತಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಎಡಪುಟಕ್ಕೆ ಪಠ್ಯಕ್ರಮದ ಅಭ್ಯಾಸದ ಸಂಖ್ಯೆ, ಬಲಪುಟಕ್ಕೆ ಅದನ್ನು ಮಾಡಿಸಲಾಯಿತೇ, ಇಲ್ಲದಿದ್ದರೆ ಉಪಕರಣ ಇರಲಿಲ್ಲವೇ, ತಮಗೇ ಕಲಿಯಲು ಅವಕಾಶ ಸಿಗಲಿಲ್ಲವೇ, ಅಥವಾ ಆ ಕೆಲಸವೇ ಈಗ ಎಲ್ಲೂ ನಡೆಯುವುದಿಲ್ಲವೇ ಎಂದು ಬರೆದಿಡಿ. ವರ್ಷದ ಕೊನೆಗೆ ಅದನ್ನು ಎರಡು ಪುಟಕ್ಕೆ ಇಳಿಸಿ, ಪ್ರಾಂಶುಪಾಲರ ಮೂಲಕ ಇಲಾಖೆಗೂ ಸಿಸ್ಟಾರಿಗೂ ಕಳುಹಿಸಿ. "ಪಠ್ಯಕ್ರಮ ಹಳೆಯದಾಗಿದೆ" ಎಂಬ ಮನವಿ ಕಡತ ಸೇರಿಬಿಡುತ್ತದೆ. ಇಂತಿಂಥ ಸಂಖ್ಯೆಯ ಅಭ್ಯಾಸವನ್ನು ಈ ಕಾರಣಕ್ಕೆ ತೆಗೆದು, ಅದರ ಜಾಗದಲ್ಲಿ ಇದನ್ನು ಇಷ್ಟು ಗಂಟೆಗೆ ಸೇರಿಸಿ ಎಂದು ಬರೆದುದನ್ನು ಸಮಿತಿಯವರು ಮೇಜಿನ ಮೇಲಿಟ್ಟುಕೊಂಡು ಚರ್ಚಿಸಬಹುದು. ಕಳೆದ ವರ್ಷದ ಅಭ್ಯಾಸಗಳು ತಮಗಿನ್ನೂ ನೆನಪಿನಲ್ಲಿರುವಾಗಲೇ ನೋಟ್‌ಬುಕ್ಕಿನ ಮೊದಲ ಪುಟ ತುಂಬಲು ಕುಳಿತುಕೊಳ್ಳಿ.