ಇಸಿಜಿ ನಾರ್ಮಲ್, ಆದರೂ ಮೆಟ್ಟಿಲು ಹತ್ತಿದರೆ ಏದುಸಿರು

ಪ್ರಶ್ನೆ: ನನಗೆ 26 ವರ್ಷ, ಗಾರ್ಮೆಂಟ್ಸ್‌ನಲ್ಲಿ ಕೆಲಸ. ಕೆಲವು ತಿಂಗಳಿಂದ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ. ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕೂತರೆ ಕಡಿಮೆ. ಉಬ್ಬಸವೆಂದು ಇನ್ಹೇಲರ್ ಕೊಟ್ಟಿದ್ದಾರೆ, ಗುಣ ಕಾಣುತ್ತಿಲ್ಲ. ಇಸಿಜಿ, ರಕ್ತ ಪರೀಕ್ಷೆ ಎರಡೂ ನಾರ್ಮಲ್. ಈ ವಯಸ್ಸಿಗೆ ಹೃದಯದ ತೊಂದರೆ ಇರುತ್ತದೆಯೇ? ಮಗು ಬೇಕೆಂದುಕೊಂಡಿದ್ದೇವೆ.

ಉತ್ತರ: ಇರಬಹುದು. ಹೃದಯದ ಕಾಯಿಲೆಯೆಂದರೆ ಹಾರ್ಟ್ ಅಟ್ಯಾಕ್ ಒಂದೇ ಎಂದುಕೊಂಡವರು ಮಾತ್ರ ‘ಈ ವಯಸ್ಸಿಗೆಲ್ಲಿ’ ಎನ್ನುತ್ತಾರೆ. ನಮ್ಮ ದೇಶದಲ್ಲಿ ನಿಮ್ಮ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಮರೆಯಬಾರದ ಕಾಯಿಲೆ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಬಾಗಿಲು) ಕಿರಿದಾಗುವುದು. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಕವಾಟವನ್ನು ಕೆಡಿಸುತ್ತದೆ. ಅದು ಗೊತ್ತಾಗುವುದು ಹತ್ತಾರು ವರ್ಷ ಕಳೆದ ಮೇಲೆ. ಶಾಲೆಗೆ ಹೋಗುವಾಗ ಜ್ವರ ಬಂದು ಮೊಣಕಾಲು, ಹಿಮ್ಮಡಿಗಂಟು ಒಂದಾದ ಮೇಲೊಂದು ಊದಿಕೊಂಡಿತ್ತೇ? ಅಮ್ಮನನ್ನು ಕೇಳಿ. ‘ಇಲ್ಲ’ ಎಂದರೂ ಪರೀಕ್ಷೆ ಬಿಡಬೇಡಿ, ಎಷ್ಟೋ ಜನರಿಗೆ ಆ ನೆನಪೇ ಇರುವುದಿಲ್ಲ.

ಈ ಕವಾಟದ ಬಾಯಿ ಸಾಮಾನ್ಯವಾಗಿ 4ರಿಂದ 6 ಚದರ ಸೆಂ.ಮೀ. ಇರುತ್ತದೆ. ಒಂದೂವರೆಗೆ ಇಳಿದರೆ ರಕ್ತ ಮುಂದೆ ಸಾಗದೆ ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ. ಮಲಗಿದಾಗ ಕೆಮ್ಮು ಬಂದು ಕೂತರೆ ತಗ್ಗುವುದು ಇದರಿಂದಲೂ ಆಗಬಹುದು. ಉಬ್ಬಸವೂ ರಾತ್ರಿಯೇ ಕಾಡುವುದರಿಂದ ಲಕ್ಷಣ ನೋಡಿ ತೀರ್ಮಾನಿಸಲಾಗದು. ಇಸಿಜಿ ತೋರಿಸುವುದು ಹೃದಯದ ವಿದ್ಯುತ್ತಿನ ನಡೆಯನ್ನು. ಕವಾಟ ಕಾಣಬೇಕಾದರೆ ಎಕೋ ಬೇಕು. ಸೂಜಿ ಚುಚ್ಚದ, ನೋವಿಲ್ಲದ ಸ್ಕ್ಯಾನ್ ಅದು. ಸ್ಟೆತಾಸ್ಕೋಪ್‌ನಲ್ಲಿ ಕಿರಿದಾದ ಕವಾಟದ ಸದ್ದು ಮೆಲ್ಲಗಿರುತ್ತದೆ. ಗಿಜಿಗುಡುವ ಓಪಿಡಿಯಲ್ಲಿ ತಪ್ಪಿಹೋದರೆ ಆಶ್ಚರ್ಯವಿಲ್ಲ.

ಉಬ್ಬಸವಿದ್ದರೆ ಅದನ್ನೂ ಸಾಬೀತುಪಡಿಸಬಹುದು. ಸ್ಪೈರೋಮೆಟ್ರಿ ಯಂತ್ರಕ್ಕೆ ಒಮ್ಮೆ ಊದಿ, ಔಷಧಿ ಎಳೆದುಕೊಂಡು ಮತ್ತೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ 12ರಷ್ಟು ಮತ್ತು 200 ಮಿ.ಲೀ. ಹೆಚ್ಚಿದರೆ ಉಬ್ಬಸದ ಕಡೆಗೆ ಬೆರಳು. ಹೆಚ್ಚದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ, ಆ ದಿನ ಶ್ವಾಸನಾಳ ಸಡಿಲವಾಗಿಯೇ ಇದ್ದಿರಬಹುದು. ಇನ್ಹೇಲರ್ ಎಳೆಯುವ ರೀತಿಯನ್ನೂ ವೈದ್ಯರೆದುರು ಮಾಡಿ ತೋರಿಸಿ; ನೀವಾಗಿಯೇ ನಿಲ್ಲಿಸಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಎದೆಯ ಎಕ್ಸ್‌ರೇ, ಕಫ ಪರೀಕ್ಷೆ ಹೇಗೂ ಆಗಬೇಕು. ಕ್ಷಯವನ್ನು ಬದಿಗಿಡಲು ಬೇರೆ ದಾರಿಯಿಲ್ಲ.

ಗರ್ಭಧಾರಣೆಗೆ ಮುನ್ನವೇ ಎಕೋ ಆಗಲಿ. ಬಸುರಿನಲ್ಲಿ ರಕ್ತದ ಪ್ರಮಾಣ ಸುಮಾರು ಶೇ 40–50 ಏರುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಕವಾಟ ಆಗ ತಕರಾರು ತೆಗೆಯುತ್ತದೆ. ಮೊದಲೇ ತಿಳಿದರೆ, ಕವಾಟ ಸೂಕ್ತವಾಗಿದ್ದಲ್ಲಿ, ಎದೆ ಸೀಳದೆ ತೊಡೆಸಂದಿನ ರಕ್ತನಾಳದಿಂದ ಬಲೂನ್ ತೂರಿಸಿ ಹಿಗ್ಗಿಸಬಹುದು. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಹೃದ್ರೋಗ ತಜ್ಞರು ಸಿಗುತ್ತಾರೆ.

ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು, ಒಂದೇ ಕಾಲು ಊದಿ ಒಮ್ಮೆಲೇ ಉಸಿರು ಕಟ್ಟುವುದು: ಇವುಗಳಲ್ಲಿ ಯಾವುದಾದರೂ ಕಂಡರೆ ಅಪಾಯಿಂಟ್‌ಮೆಂಟ್ ಕಾಯದೆ ಅಂದೇ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ.