ಸೈಕಲ್ ಬೇಡವೆಂದ ಹುಡುಗಿ

‘ಬುದ್ಧಿ ಇದೆ, ಓದುವ ಮನಸ್ಸಿಲ್ಲ’ ಎಂಬ ದೂರಿನೊಂದಿಗೆ ಮಕ್ಕಳನ್ನು ಕರೆತರುವ ತಂದೆತಾಯಿಯರು ಪ್ರತಿ ಫಲಿತಾಂಶದ ನಂತರವೂ ನನ್ನಲ್ಲಿಗೆ ಬರುತ್ತಾರೆ. ಅಂಥ ಪ್ರಕರಣಗಳಲ್ಲಿ ಒಂದನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ಆ ಹುಡುಗಿ ಆಡಿದ ಒಂದು ಮಾತು. ಅದನ್ನು ಕೇಳಿದ ಮೇಲೆ ನಾನು ಪೋಷಕರಿಗೆ ಹೇಳುವ ಮೊದಲ ಮಾತೇ ಬದಲಾಗಿದೆ.

ಹುಡುಗಿಗೆ ಹನ್ನೆರಡು ವರ್ಷ. ಎರಡು ವರ್ಷಗಳಿಂದ ಗಣಿತದಲ್ಲಿ ಹಿಂದೆ ಬಿದ್ದಿದ್ದವಳು ಈಗ ಉಳಿದ ವಿಷಯಗಳ ಪುಸ್ತಕವನ್ನೂ ಮುಟ್ಟುತ್ತಿರಲಿಲ್ಲ. ಗದರಿದ್ದಾಯಿತು, ಟ್ಯೂಷನ್ ಬದಲಿಸಿದ್ದಾಯಿತು. ಕೊನೆಗೆ ನೂರಕ್ಕೆ 80 ಅಂಕ ಬಂದರೆ ಸೈಕಲ್ ಕೊಡಿಸುವುದಾಗಿ ತಂದೆ ಮಾತು ಕೊಟ್ಟಿದ್ದರು. ‘ನಂಗೆ ಸೈಕಲ್ ಬೇಡ’ ಎಂದು ಅವಳು ಎದ್ದು ಹೋಗಿದ್ದಳು. ತಂದೆಗೆ ಇದು ಉದ್ಧಟತನವಾಗಿ ಕಂಡಿತ್ತು. ನನಗೆ ಮಾತ್ರ, 80 ತನ್ನ ಕೈಗೆ ಎಟುಕದೆಂದು ಮೊದಲೇ ಲೆಕ್ಕ ಹಾಕಿಕೊಂಡ ಮಗುವಿನ ಮಾತಿನಂತೆ ಕೇಳಿಸಿತು. ಮೊದಲು ಕಣ್ಣು, ಕಿವಿ, ನಿದ್ರೆ, ಕಲಿಕೆಯ ತೊಂದರೆ ಇವೆಲ್ಲವನ್ನೂ ಪರೀಕ್ಷಿಸಿದ್ದಾಯಿತು. ಇದನ್ನು ಬಿಟ್ಟು ನೇರವಾಗಿ ಮನಸ್ಸಿನ ಮಾತಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಕಪ್ಪುಹಲಗೆಯೇ ಮಸುಕಾಗಿ ಕಾಣುವ ಮಗುವಿಗೆ ಬೇಕಾದದ್ದು ಕನ್ನಡಕ.

ಮೂರನೆಯ ಭೇಟಿಯಲ್ಲಿ, ತಂದೆಯ ಎದುರಿಗೇ, ಅವಳಿಗೆ 1/2 + 1/3 ಎಂಬ ಲೆಕ್ಕ ಕೊಟ್ಟೆ. ತಡಮಾಡದೆ 2/5 ಎಂದು ಬರೆದಳು. ತಪ್ಪೆಂದು ಹೇಳದೆ, ಹತ್ತು ಸೆಂಟಿಮೀಟರ್ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಕತ್ತರಿಸಿ ಕೊಟ್ಟು, ಒಂದನ್ನು ಅರ್ಧಕ್ಕೆ ಮಡಚಲು, ಇನ್ನೊಂದರಲ್ಲಿ ಐದು ಸಮಭಾಗ ಮಾಡಿ ಎರಡಕ್ಕೆ ಬಣ್ಣ ಹಚ್ಚಲು ಹೇಳಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವಳು ಬಣ್ಣದ ಭಾಗ ಅರ್ಧಕ್ಕಿಂತ ಒಂದು ಸೆಂಟಿಮೀಟರ್ ಗಿಡ್ಡವಾಗಿರುವುದನ್ನು ಬೆರಳಿನಿಂದ ಅಳೆದು, ‘ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಕಡಿಮೆ ಹೇಗಾಗತ್ತೆ?’ ಎಂದು ತನ್ನಷ್ಟಕ್ಕೆ ಕೇಳಿಕೊಂಡಳು. ಮುಖ ಅರಳಿತ್ತು. ಆರು ಭಾಗ ಮಾಡಿಕೊಳ್ಳಬೇಕೆಂಬುದು ಹೊಳೆಯಲು ಮತ್ತೆ ಹತ್ತು ನಿಮಿಷ ಬೇಕಾಯಿತು. 5/6 ಎಂದು ಬರೆದಳು.

ಆಗ ತಂದೆ ನಿಜವಾದ ಸಂತೋಷದಿಂದಲೇ, ‘ನೋಡಿದ್ಯಾ, ಮನಸ್ಸು ಮಾಡಿದ್ರೆ ನಿಂಗೆ ಬರತ್ತೆ’ ಎಂದರು. ಅವಳು ಪೆನ್ಸಿಲ್ ಕೆಳಗಿಟ್ಟಳು. ಮುಂದಿನ ಲೆಕ್ಕವನ್ನು ಮುಟ್ಟಲಿಲ್ಲ. ಅವರನ್ನು ಹೊರಗೆ ಕೂರಿಸಿ ಕಾರಣ ಕೇಳಿದಾಗ ಬಹಳ ಹೊತ್ತಿನ ಮೇಲೆ ಹೇಳಿದಳು: ‘ಈಗ ಬಂತು ಅಂದ್ರೆ, ಇಷ್ಟು ದಿನ ಬೇಕಂತ್ಲೇ ಮಾಡ್ಲಿಲ್ಲ ಅಂತಾಗತ್ತಲ್ಲ ಮೇಡಂ.’

ಮನಸ್ಸು ಮಾಡಿದರೆ ಬರುತ್ತದೆ ಎಂಬ ಮಾತನ್ನು ನಾವು ಧೈರ್ಯ ತುಂಬಲು ಆಡುತ್ತೇವೆ. ಎರಡು ವರ್ಷ ನಿಜವಾಗಿಯೂ ಅರ್ಥವಾಗದೆ ಕುಳಿತಿದ್ದ ಮಗುವಿಗೆ ಅದು ಆರೋಪವಾಗಿ ತಲುಪುತ್ತದೆ: ಇಂದು ಗೆದ್ದರೆ ನಿನ್ನೆಯ ಸೋಲೆಲ್ಲ ಸೋಮಾರಿತನವೆಂದು ಸಾಬೀತಾಗುತ್ತದೆ. ಹಾಗಿರುವಾಗ ಗೆಲ್ಲದಿರುವುದೇ ಮಾನ ಉಳಿಸಿಕೊಳ್ಳುವ ದಾರಿಯಾಗಿ ಅವಳಿಗೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು, ತಂದೆ ಮಗಳ ಬಳಿ ಕುಳಿತು, ‘ನಿನಗೆ ಗೊತ್ತಾಗುತ್ತಿರಲಿಲ್ಲ, ನಾವು ಅದನ್ನು ಸೋಮಾರಿತನ ಎಂದುಕೊಂಡೆವು, ತಪ್ಪು ನಮ್ಮದು’ ಎಂದು ಬಾಯಿಬಿಟ್ಟು ಹೇಳಬೇಕೆಂಬುದು. ಅದಾದ ಮೇಲೆ ಏಳನೇ ತರಗತಿಯ ಪುಸ್ತಕವನ್ನು ಬದಿಗಿಟ್ಟು ಐದನೆಯದರ ಭಿನ್ನರಾಶಿಯಿಂದ ದಿನಕ್ಕೆ ಇಪ್ಪತ್ತು ನಿಮಿಷ ಕಲಿಯುವುದು, ಯಾವ ಹೊತ್ತಿಗೆ ಎಂಬುದನ್ನು ಅವಳೇ ಗೊತ್ತುಮಾಡುವುದು. ಎಷ್ಟು ಅಂಕ ಬಂತು ಎಂದು ಕೇಳುವ ಬದಲು ಎಲ್ಲಿ ತೊಡಕಾಯಿತು ಎಂದು ಕೇಳುವುದು. ಸೈಕಲ್ ಕೊಡಿಸುವುದಾದರೆ ಅಂಕದ ಷರತ್ತಿಲ್ಲದೆ ಕೊಡಿಸುವುದು.

ಬಹುಮಾನದ ಆಸೆಯಿಲ್ಲದೆ ಮಗು ಓದಲು ಕೂರುವುದಿಲ್ಲವೆಂದು ಈ ಕೊನೆಯ ಸಲಹೆಗೆ ತಂದೆಯೂ ನನ್ನ ಕೆಲವು ಸಹೋದ್ಯೋಗಿಗಳೂ ಆಕ್ಷೇಪಿಸಿದರು. ಆದರೆ 1973ರಲ್ಲಿ ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಬಹುಮಾನದ ಆಸೆ ಮೊದಲೇ ತೋರಿಸಿದ ಮಕ್ಕಳು ಮುಂದೆ ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದರ ಅರ್ಧದಷ್ಟಿತ್ತು. ಮೊದಲೇ ಹೇಳದೆ ಕೊನೆಗೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಆಸಕ್ತಿ ಕುಂದಿರಲಿಲ್ಲ. ಆದರೆ ಅವರು ಮೊದಲೇ ಆಸಕ್ತಿಯಿದ್ದ ಮಕ್ಕಳು, ಆದ್ದರಿಂದ ಅದನ್ನು ಇಲ್ಲಿ ಪೂರ್ತಿ ಸಾಕ್ಷಿಯಾಗಿ ನಾನು ಮುಂದಿಡುವುದಿಲ್ಲ. ಬೇಸರದ ಸಣ್ಣ ಕೆಲಸವೊಂದನ್ನು ಆರಂಭ ಮಾಡಿಸಲು ಸಣ್ಣ ಬಹುಮಾನ ನೆರವಾಗಬಹುದೆಂದೂ ಒಪ್ಪುತ್ತೇನೆ. ಈ ಮಗುವಿಗೆ ಇದ್ದ ಕೊರತೆ ಆಸೆಯದಲ್ಲ, ದಾರಿಯದು; ದಾರಿ ತೋರದೆ ಬಹುಮಾನವನ್ನು ದೊಡ್ಡದು ಮಾಡುತ್ತಾ ಹೋದರೆ ಸೋಲು ಮಾತ್ರ ಅಷ್ಟೇ ದೊಡ್ಡದಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ತಪ್ಪೊಪ್ಪಿಗೆಯ ಮಾತನ್ನಾಡಲು ತಂದೆಗೆ ಮೂರು ವಾರ ಬೇಕಾಯಿತು. ವರ್ಷದ ಕೊನೆಗೆ ಗಣಿತದಲ್ಲಿ ಅವಳಿಗೆ 52 ಅಂಕ ಬಂದವು. ಅವರಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಸೈಕಲ್ಲನ್ನು ಅದಕ್ಕೂ ಮೊದಲೇ, ಪರೀಕ್ಷೆಯೂ ಹುಟ್ಟುಹಬ್ಬವೂ ಇಲ್ಲದ ಒಂದು ದಿನ ತಂದಿದ್ದರಂತೆ. ‘ಯಾತಕ್ಕೆ?’ ಎಂದು ಕೇಳಿದವಳಿಗೆ ತಾಯಿ ‘ಸುಮ್ನೆ’ ಎಂದಿದ್ದರು. ಎರಡು ದಿನ ಅವಳು ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಸಂಜೆ ಯಾರಿಗೂ ಹೇಳದೆ ಹೊರಗೆ ತೆಗೆದುಕೊಂಡು ಹೋದಳು.